ವರ್ಣತಂತುವಿನಲ್ಲಿ ವರ್ಣವಿಲ್ಲ

ಗುಣ ಹುಟ್ಟಿನಿಂದ ಬರುತ್ತೆ, ರಕ್ತದಲ್ಲೇ ಇರುತ್ತೆ ಅನ್ನೋ ಮಾತು ನಮ್ಮ ಊರುಗಳಲ್ಲಿ ಇನ್ನೂ ಸತ್ತಿಲ್ಲ. ಓದಿದವರು ಅದನ್ನೇ ಈಗ ‘ಜೀನು’ ಅನ್ನುತ್ತಾರೆ. ಮಾತು ಹೊಸದು, ಮನಸ್ಸು ಹಳೇದೇ. ಹಾಗಾದರೆ ಕೇಳೋಣ: ತಂದೆತಾಯಿಯಿಂದ ಮಗುವಿಗೆ ದಾಟುವುದಾದರೂ ಏನು?

ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದೊಳಗೆ ಎಳೆಗಳು ಕಾಣುತ್ತವೆ. ಬಣ್ಣ ಹಿಡಿಯುತ್ತವೆ ಅಂತಲೇ ಅವಕ್ಕೆ ವರ್ಣತಂತು ಎಂದು ಹೆಸರು. ಮನುವಿನ ನಾಲ್ಕು ವರ್ಣಗಳಿಗೂ ಅವಕ್ಕೂ ಸಂಬಂಧವಿಲ್ಲ. ಮನುಷ್ಯನ ಕೋಶದಲ್ಲಿ ಇಂಥ ತಂತುಗಳು 46. ಕೋಶ ಒಡೆಯುವ ಮುಂಚೆ ಪ್ರತಿಯೊಂದೂ ತನ್ನ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಎಲ್ಲವೂ ನಡುವೆ ಸಾಲಾಗಿ ನಿಂತು, ಜೋಡಿ ಬಿಡಿಸಿಕೊಂಡು ಎರಡು ತುದಿಗೆ ಸರಿಯುತ್ತವೆ. ಎರಡು ಮರಿಕೋಶಕ್ಕೂ 46. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂಬುದಿಲ್ಲ. ವೀರ್ಯಾಣು, ಅಂಡಾಣು ಆಗುವಾಗ ಮಾತ್ರ ಲೆಕ್ಕ ಬೇರೆ. ಅಜ್ಜನ ಕಡೆಯದೂ ಅಜ್ಜಿಯ ಕಡೆಯದೂ ತುಂಡುತುಂಡಾಗಿ ಅದಲುಬದಲಾಗಿ 23 ಉಳಿಯುತ್ತವೆ. ಪ್ರತಿ ಮಗುವೂ ಹೊಸ ಬೆರಕೆ.

ಕೊಡಗಿನವರು ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಕಾಫಿ ತೋಟಕ್ಕೆ ಹೋದರೆ ಸಾಕು. ರೊಬಸ್ಟಾದಲ್ಲಿ 22 ತಂತು, ಅರೇಬಿಕಾದಲ್ಲಿ 44. ಯಾಕೆ ಇಮ್ಮಡಿ? ಬಹಳ ಹಿಂದೆ ಆಫ್ರಿಕಾದಲ್ಲಿ ರೊಬಸ್ಟಾ ಕುಲದ ಗಿಡವೂ ಯುಜೆನಿಯಾಯ್ಡಿಸ್ ಎಂಬ ಕಾಡು ಕಾಫಿಯೂ ಕೂಡಿ ಹುಟ್ಟಿದ್ದು ಅರೇಬಿಕಾ. ಎರಡು ಕಡೆಯ ತಂತುಗಳೂ ಪೂರ್ತಿ ಉಳಿದುಕೊಂಡವು. ಮಾರುಕಟ್ಟೆಯಲ್ಲಿ ಮೇಲ್ಜಾತಿಯಂತೆ ಮೆರೆಯುವ ಕಾಫಿ ಮೂಲದಲ್ಲೇ ಬೆರಕೆ. ಎಲೆ ತುಕ್ಕು ರೋಗ ತಡೆಯಲೆಂದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್. 795 ತಳಿಯಲ್ಲಿ ಲೈಬೀರಿಕಾ ಕಾಫಿಯ ಪಾಲೂ ಸೇರಿದೆ. ಧಣಿಗಳು ಖುಷಿಯಾಗೇ ನೆಟ್ಟರು. ತೋಟಕ್ಕೆ ಬೆರಕೆ ಬೇಕು, ಮನೆಗೆ ಮಾತ್ರ ಬೇಡ!

ಆದರೆ ಗೆಳೆಯರೇ, ಒಂದು ಎಚ್ಚರ. ಕೋಶವನ್ನು ಸಾಕ್ಷಿಗೆ ಕರೆದು ಸಮಾನತೆ ಗೆಲ್ಲುತ್ತೇವೆ ಅನ್ನೋದೂ ಅಪಾಯವೇ. ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ, ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಸಿಕಲ್ ಸೆಲ್ ರೋಗ. ನಮ್ಮ ಕಾಡಿನ ಜನರಲ್ಲಿ ಅದು ಇದೆ. ಆ ಮಗುವಿನ ಜೀನು ಬೇರೆ ಅಂತ ಅದರ ಘನತೆ ಕಡಿಮೆಯಾಗುತ್ತಾ? ಮನುಷ್ಯನಾಗಿ ಬಾಳಲು ಸೂಕ್ಷ್ಮದರ್ಶಕದ ಸರ್ಟಿಫಿಕೇಟು ಯಾರಿಗೂ ಬೇಕಿಲ್ಲ. ಎಲ್ಲರ ಕೋಶವೂ ಬೇರೆಬೇರೆ ಇದ್ದಿದ್ದರೂ ಅಸ್ಪೃಶ್ಯತೆ ಪಾಪವೇ ಆಗುತ್ತಿತ್ತು.

ಹಾಗಾದರೆ ಜಾತಿ ತಲೆಮಾರಿಂದ ತಲೆಮಾರಿಗೆ ದಾಟೋದು ಹೇಗೆ? ಮದುವೆಯ ಕಟ್ಟಿನಲ್ಲಿ, ಪಹಣಿಯಲ್ಲಿ, ಮುಂಗಡದ ಪುಸ್ತಕದಲ್ಲಿ. ಜೀತ ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಅಪ್ಪನ ಸಾಲಕ್ಕೆ ಮಗ ದುಡಿಯೋದು ಅದುವರೆಗೆ ಯಾವ ತಂತುವಿನಲ್ಲಿತ್ತು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ, ಲೈನ್ ಮನೆ ಬಿಟ್ಟು ಬಂದ ಆದಿವಾಸಿಗಳ ಗುಡಿಸಲು ಕೆಡವಿದಾಗ ಅವರ ಕೈಲಿ ಇಲ್ಲದೇ ಹೋದದ್ದು ಹಕ್ಕುಪತ್ರ. ಅದನ್ನು ಯಾವ ಕೋಶವೂ ಕೊಡೋದಿಲ್ಲ, ಕಸಿಯೋದೂ ಇಲ್ಲ. 1936ರ ‘ಜಾತಿ ವಿನಾಶ’ದಲ್ಲೇ ಅಂಬೇಡ್ಕರ್ ರಕ್ತಶುದ್ಧಿಯ ವಾದವನ್ನು ಮುರಿದು, ಜಾತಿ ಒಂದು ಮನಃಸ್ಥಿತಿ ಎಂದು ತೋರಿಸಿದರು.

ಮನುಷ್ಯ ಬರೆದದ್ದನ್ನು ಮನುಷ್ಯನೇ ಅಳಿಸಬೇಕು. ಮೇಷ್ಟ್ರುಗಳೇ, ಕೋಶವಿಭಜನೆಯ ಪಾಠ ಮಾಡುವ ದಿನ ಚಿತ್ರದ ಪಕ್ಕದಲ್ಲಿ ಈ ಪ್ರಶ್ನೆಯನ್ನೂ ಬೋರ್ಡಿನ ಮೇಲೆ ಬರೆಯಿರಿ: ಜಾತಿಯನ್ನು ದಾಟಿಸುತ್ತಿರುವ ಕೈ ಯಾರದು?