ನಾಳೆಯ ಅಕ್ಕಿ

ಮುಪ್ಪಿನ ಕಾಲಕ್ಕೆಂದು ದ್ರವ್ಯವನ್ನು ಕೂಡಿಡುವುದು ದೈವದಲ್ಲಿ ಅವಿಶ್ವಾಸವಾಗುವುದೇ ಎಂಬ ಪ್ರಶ್ನೆ ಪಂಡಿತರ ಗೋಷ್ಠಿಯಲ್ಲಿ ಮಾತ್ರ ಹುಟ್ಟುವಂಥದಲ್ಲ. ತುರ್ವಿಹಾಳದ ಸುತ್ತಣ ಹಳ್ಳಿಗಳಲ್ಲಿ ಉಳಿತಾಯದ ಮಾತೆತ್ತುವ ನನ್ನಂಥ ಸಲಹೆಗಾರನಿಗೆ ಮೊದಲು ಎದುರಾಗುವುದೇ ಅದು. "ನಾಳಿಂದು ಶಿವ ನೋಡ್ಕೊಂತಾನ್ರೀ, ಕೂಡಿಡೋದು ಶರಣ್ರಿಗೆ ಒಪ್ಪಿದ್ದಲ್ಲ" ಎಂದು ಹಿರಿಯರು ಹೇಳುವಾಗ ಅದನ್ನು ಅಜ್ಞಾನವೆಂದು ಬಗೆದು ಬಡ್ಡಿಯ ಲೆಕ್ಕವನ್ನು ಮುಂದಿಡುವುದು ಸುಲಭ, ನ್ಯಾಯವಲ್ಲ. ಆ ಮಾತಿನ ಹಿಂದೆ ಎಂಟು ಶತಮಾನಗಳಿಗೂ ಹಳೆಯದಾದ ಗಂಭೀರ ವಿಚಾರವೊಂದುಂಟು, ಮತ್ತು ಅದನ್ನು ಬಾಳಿ ತೋರಿಸಿದ ದಂಪತಿಗಳು ಇದೇ ಸೀಮೆಯವರು.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಮಡದಿ ಲಕ್ಕಮ್ಮನದು ಅದನ್ನು ಅಟ್ಟು ಜಂಗಮರಿಗೆ ಉಣಬಡಿಸಿ, ಉಳಿದುದನ್ನು ಪ್ರಸಾದವೆಂದು ತಾವು ಸ್ವೀಕರಿಸುವುದು. ಒಂದು ದಿನ ಮಾರಯ್ಯನು ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಇದು ನಮ್ಮ ಅಗತ್ಯವನ್ನು ಮೀರಿದ್ದು, ಇದರಲ್ಲಿ ಆಸೆಯ ಸೋಂಕು ಇದೆ, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಆಕೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಬಡತನವೆಂಬುದು ಧನದ ಅಭಾವವಲ್ಲ, ಮನಸ್ಸಿನ ಕುಂದು ಎಂಬ ಆಕೆಯ ನಿಲುವಿನ ಎದುರಿನಲ್ಲಿ ನಿವೃತ್ತಿಯ ಯೋಜನೆಯನ್ನು ಮಾರಲು ಹೊರಟವನು ನಿಜವಾಗಿಯೂ ಉತ್ತರ ಕೊಡಬೇಕಾದವನು.

ನನಗೆ ತೋರುವ ಉತ್ತರವಿದು. ಲಕ್ಕಮ್ಮ ನಾಳಿನ ಅಕ್ಕಿಯನ್ನು ನಿರಾಕರಿಸಿದ್ದು ನಾಳೆಯನ್ನು ಮರೆತುದರಿಂದಲ್ಲ. ನಾಳೆಯೂ ಮಹಾಮನೆ ಇರುವುದೆಂಬ, ಅದರ ಅಂಗಳದಲ್ಲಿ ಕಾಳು ಬೀಳುವುದೆಂಬ, ತಮ್ಮ ಕೈಸೋತ ದಿನ ಮತ್ತೊಬ್ಬ ಶರಣನ ದಾಸೋಹದಲ್ಲಿ ತಮಗೂ ಒಂದು ಎಡೆ ಉಂಟೆಂಬ ಭರವಸೆಯ ಮೇಲೆ ಆಕೆಯ ನಿರಾಕರಣೆ ನಿಂತಿತ್ತು. ಕಾಯಕ ಒಬ್ಬನದು, ದಾಸೋಹ ಎಲ್ಲರದು. ಇವೆರಡೂ ಕೂಡಿದಲ್ಲಿ ಮಾತ್ರ ಅಸಂಗ್ರಹವು ಧರ್ಮವಾಗುತ್ತದೆ. ದಾಸೋಹವನ್ನು ಕಿತ್ತುಕೊಂಡು, ಅಸಂಗ್ರಹವನ್ನು ಮಾತ್ರ ಕೂಲಿಯವನಿಗೆ ಉಪದೇಶಿಸುವುದು ಲಕ್ಕಮ್ಮನ ಹೆಸರಿನಲ್ಲಿ ಲಕ್ಕಮ್ಮನಿಗೇ ಎಸಗುವ ಅಪಚಾರ.

ಪ್ರಾಚೀನರು ಗೃಹಸ್ಥನಿಗೆ ಶೂನ್ಯವನ್ನಲ್ಲ, ಮಿತಿಯನ್ನು ವಿಧಿಸಿದರೆಂಬುದನ್ನೂ ನೆನೆಯಬೇಕು. ಜೈನಮುನಿಗೆ ಸರ್ವಪರಿಗ್ರಹತ್ಯಾಗ, ಶ್ರಾವಕನಿಗಾದರೋ ಪರಿಗ್ರಹದ ಪರಿಮಾಣವನ್ನು ತಾನೇ ಗೊತ್ತುಮಾಡಿಕೊಳ್ಳುವ ಅಣುವ್ರತ. 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನೇ ಹೊತ್ತುದರಿಂದ ಲೋಕಪ್ರಸಿದ್ಧವಾದ ಮಸ್ಕಿಯ ಶಾಸನ ನಮ್ಮ ನೆರೆಯಲ್ಲಿಯೇ ಇದೆ. ಅದೇ ಅರಸನು ತನ್ನ ಮೂರನೆಯ ಬಂಡೆಶಾಸನದಲ್ಲಿ ಮಾತಾಪಿತೃಗಳ ಶುಶ್ರೂಷೆಯನ್ನೂ ದಾನವನ್ನೂ ಹೊಗಳಿದ ಮೇಲೆ, ಮಿತವಾದ ವ್ಯಯವನ್ನೂ ಮಿತವಾದ ಸಂಚಯವನ್ನೂ ಒಟ್ಟಿಗೆ ಒಳ್ಳೆಯದೆಂದನು. ವ್ಯಯದ ಮಿತಿಯನ್ನು ಬೋಧಿಸುವವರು ಇಂದು ಬೇಕಾದಷ್ಟು ಮಂದಿ ಇದ್ದಾರೆ. ಸಂಚಯಕ್ಕೂ ಮಿತಿಯುಂಟೆಂದು ಹೇಳುವ ಸಲಹೆಗಾರ ವಿರಳ, ಏಕೆಂದರೆ ಅವನ ದಲಾಲಿ ಸಂಚಯದ ಮೇಲೆಯೇ ನಿಂತಿದೆ.

ಹಾಗಾದರೆ ಸಾಕು ಎಂಬುದರ ಅಳತೆ ಯಾವುದು? ಇಲ್ಲಿ ಧರ್ಮಜಿಜ್ಞಾಸೆ ಗಣಿತದ ನೆರವನ್ನು ಬೇಡುತ್ತದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಪೂರ್ಣಗೊಂಡಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಇಂದು ಅದು 105ರ ಆಸುಪಾಸಿಗೆ ಇಳಿದಿದೆ, ಕಟ್ಟೆಯ ಎತ್ತರ ಮಾತ್ರ ಇದ್ದಂತೆಯೇ ಇದೆ. ಬೆಲೆಯೇರಿಕೆಯು ಉಳಿತಾಯಕ್ಕೆ ಮಾಡುವುದೂ ಇದನ್ನೇ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 18ನೆಯ ವಯಸ್ಸಿನಲ್ಲಿ ಸೇರಿ ತಿಂಗಳಿಗೆ 210 ರೂಪಾಯಿ ಕಟ್ಟುತ್ತ ಬಂದವನಿಗೆ 60 ತುಂಬಿದ ಮೇಲೆ ತಿಂಗಳಿಗೆ 5000 ರೂಪಾಯಿಯ ಭರವಸೆ ಉಂಟು. ಆದರೆ ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ, ನಲವತ್ತೆರಡು ವರ್ಷಗಳಾಚೆಯ ಆ ಮೊತ್ತಕ್ಕೆ ಇಂದಿನ ಸುಮಾರು 430 ರೂಪಾಯಿಯ ಬೆಲೆ. ಆ ಯೋಜನೆಗೆ ಸೇರಬೇಡಿರೆಂದು ನಾನು ಹೇಳುವುದಿಲ್ಲ, ಸೇರಿರೆಂದೇ ಹೇಳುತ್ತೇನೆ. ಅದೊಂದನ್ನೇ ನಂಬಿ ಕೂಡುವುದು ಸಲ್ಲದು. ಬೆಲೆಯೊಡನೆ ತಾನೂ ಬೆಳೆಯಬಲ್ಲ ಕಡೆ ಗಳಿಕೆಯ ಒಂದು ಪಾಲನ್ನಿಡುವುದು ಲೋಭವಲ್ಲ. ಲಕ್ಕಮ್ಮನ ಒಂದು ದಿನದ ಅಕ್ಕಿಯು ನಾಳೆಯೂ ಒಂದು ದಿನದ ಅಕ್ಕಿಯಾಗಿಯೇ ಉಳಿಯುವಂತೆ ನೋಡಿಕೊಳ್ಳುವುದಷ್ಟೆ. ಅದನ್ನು ಮೀರಿ, ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಸಾಲುವಂತೆ ರಾಶಿಹಾಕುವ ಕಡೆ ಆಕೆಯ ನಿಷೇಧ ಅಕ್ಷರಶಃ ಅನ್ವಯಿಸುತ್ತದೆ ಎಂದು ನನ್ನ ದೃಢವಾದ ನಂಬಿಕೆ.

ಆದರೆ ಈ ಲೆಕ್ಕವೆಲ್ಲ ಗಳಿಕೆಯಲ್ಲಿ ಏನಾದರೂ ಉಳಿಯುವವರಿಗೆ. ತುಂಗಭದ್ರೆಯ ಎಡದಂಡೆ ನಾಲೆಯ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡುವ ಹೆಂಗಸಿಗೆ ನಲವತ್ತು ದಾಟಿದ್ದರೆ ಅಟಲ್ ಯೋಜನೆಯ ಬಾಗಿಲು ಮುಚ್ಚಿತು. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾದಾಗ ಬೆಳೆ ಏನಾಗುವುದೋ ಎಂದು ರೈತರು ತಲ್ಲಣಿಸಿದರಷ್ಟೆ. ನೀರು ಬಾರದ ವರ್ಷ ಕೂಲಿಯೂ ಇಲ್ಲವೆಂಬುದನ್ನು ಆ ಹೆಂಗಸು ಯಾವ ಪತ್ರಿಕೆಯ ಸಹಾಯವಿಲ್ಲದೆಯೂ ಬಲ್ಲಳು. ಆಕೆಗೆ ಉಳಿತಾಯದ ಮಹಿಮೆಯನ್ನು ವರ್ಣಿಸುವುದು ನಿಷ್ಕರುಣೆ. ಆಕೆ ಜೀವಮಾನವೆಲ್ಲ ಕಾಯಕ ಮಾಡಿದ್ದಾಳೆ. ಬಾಕಿ ಉಳಿದಿರುವುದು ದಾಸೋಹ, ಮತ್ತು ಅದು ನಮ್ಮ ಕಡೆಯ ಬಾಕಿ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರವು ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಇದ್ದುದೂ ಅಷ್ಟೇ. ರಾಜ್ಯವು ತನ್ನ ಸಂಧ್ಯಾ ಸುರಕ್ಷಾ ಯೋಜನೆಯ ಮೂಲಕ 65 ತುಂಬಿದ ಬಡವರಿಗೆ ಇದಕ್ಕಿಂತ ಹೆಚ್ಚಿನದನ್ನು ಕೊಡುತ್ತಿದ್ದರೂ, ಸರ್ಕಾರಿ ನೌಕರನ ತುಟ್ಟಿಭತ್ಯೆ ಬೆಲೆಯ ಸೂಚ್ಯಂಕವನ್ನು ಅನುಸರಿಸಿ ಏರುವಂತೆ ಇವೆರಡರಲ್ಲಿ ಯಾವುದೂ ತಾನಾಗಿ ಏರುವುದಿಲ್ಲ. ಅಕ್ಕಿಯ ಬೆಲೆ ನೌಕರನಿಗೂ ನಾಟಿಯವಳಿಗೂ ಒಂದೇ ಆಗಿರುವಾಗ, ಒಬ್ಬರ ಮುಪ್ಪಿಗೆ ಸೂಚ್ಯಂಕವನ್ನು ಕಟ್ಟಿ ಇನ್ನೊಬ್ಬರ ಮುಪ್ಪನ್ನು ಬಿಡಿಯಾಗಿ ಬಿಟ್ಟಿರುವುದಕ್ಕೆ ಯಾವ ಶಾಸ್ತ್ರದಲ್ಲಿಯೂ ಸಮರ್ಥನೆ ಇಲ್ಲ. ವೃದ್ಧಾಪ್ಯ ವೇತನವೂ ಅದೇ ಸೂಚ್ಯಂಕದೊಡನೆ ಏರಬೇಕೆಂದು ಕೇಳುವುದನ್ನು ನನ್ನ ವೃತ್ತಿಯವರು ತಮ್ಮ ಸಲಹೆಯ ಭಾಗವೆಂದೇ ತಿಳಿಯತಕ್ಕದ್ದು.