ಬೆಟ್ಟ ಏರಿದ್ದು ಯಾರು?

ಎಲೆಕ್ಟ್ರಿಕ್ ಮೌಂಟನ್ ಬೈಕ್ ಎಂದರೆ ತುಳಿಯುವವರ ಕಾಲಿಗೆ ಮೋಟರಿನ ಬಲವನ್ನು ಕೂಡಿಸುವ, ಕಾಡುದಾರಿಗೂ ಕಲ್ಲುದಾರಿಗೂ ಒಗ್ಗುವಂತೆ ಕಟ್ಟಿದ ಸೈಕಲ್. ಮೋಟರು ಪೆಡಲಿನ ಅಚ್ಚಿನ ಬಳಿ ಕೂತಿರುತ್ತದೆ. ಅಲ್ಲಿಯೇ ಇರುವ ಟಾರ್ಕ್ ಸೆನ್ಸರ್ ಕಾಲು ಎಷ್ಟು ಒತ್ತುತ್ತಿದೆ ಎಂಬುದನ್ನು ಕ್ಷಣಕ್ಷಣವೂ ಅಳೆಯುತ್ತದೆ. ಆ ಒತ್ತಡಕ್ಕೆ ತಕ್ಕಷ್ಟು ಬಲ ಸರಪಳಿಗೆ ಸೇರುತ್ತದೆ. ಕಾಲು ನಿಂತರೆ ಮೋಟರೂ ನಿಲ್ಲುತ್ತದೆ. ಯುರೋಪಿನ ಕಾನೂನು ಇಂಥ ಮೋಟರಿನ ನಿರಂತರ ಶಕ್ತಿಯನ್ನು 250 ವಾಟ್‌ಗೆ ಮಿತಿಗೊಳಿಸಿದೆ. ಕ್ಷಣಿಕವಾಗಿ ಅದು ಇನ್ನೂ ಹೆಚ್ಚು ಬಲ ಕೊಡಬಹುದಾದರೂ ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದೊಡನೆ ನೆರವು ನಿಲ್ಲಬೇಕು. ಹೀಗೆ ನೆರವು ಪಡೆದು ಬೆಟ್ಟದ ತುದಿ ಮುಟ್ಟಿದವರು ಆ ಏರಿಕೆಯನ್ನು ತಮ್ಮದೆಂದು ಹೇಳಿಕೊಳ್ಳಬಹುದೇ? ಕರ್ತೃತ್ವದ ಬಗ್ಗೆ ಭಾರತೀಯ ದರ್ಶನಗಳು ಬಹುಕಾಲ ನಡೆಸಿಕೊಂಡು ಬಂದ ವಿಚಾರಕ್ಕೆ ಈ ಪ್ರಶ್ನೆ ನೇರವಾಗಿ ಸೇರುತ್ತದೆ. ಹಗುರ ಮಾದರಿಗಳು ಬಂದ ಮೇಲಂತೂ ಅದು ಕೊಳ್ಳುವವರ ಮುಂದೆಯೇ ಬಂದು ನಿಂತಿದೆ.

ಮೊದಲ ಕಾಲದ ಶಕ್ತಿಶಾಲಿ ಮಾದರಿಗಳು ಸಾಮಾನ್ಯವಾಗಿ 22ರಿಂದ 25 ಕೆ.ಜಿ. ತೂಗುತ್ತಿದ್ದವು, ಮೋಟರಿನ ತಿರುಚುಬಲ 85 ನ್ಯೂಟನ್ ಮೀಟರ್‌ವರೆಗೂ ಇರುತ್ತಿತ್ತು. 2020ರಲ್ಲಿ ಸ್ಪೆಷಲೈಸ್ಡ್ ಕಂಪನಿ ತಂದ ಟರ್ಬೊ ಲೆವೊ ಎಸ್‌ಎಲ್ ಬೇರೆ ದಾರಿ ಹಿಡಿಯಿತು. ಅದರ ಮೋಟರಿಗೆ 35 ನ್ಯೂಟನ್ ಮೀಟರ್ ಬಲ, 240 ವಾಟ್ ಗರಿಷ್ಠ ಶಕ್ತಿ. ಬ್ಯಾಟರಿ 320 ವಾಟ್-ಅವರ್. ದುಬಾರಿ ಕಾರ್ಬನ್ ಮಾದರಿಯ ತೂಕ 17 ಕೆ.ಜಿ.ಯ ಆಸುಪಾಸಿಗೆ ಇಳಿಯಿತು. ಓರ್ಬಿಯಾದ ರೈಸ್, 2022ರಲ್ಲಿ 50 ನ್ಯೂಟನ್ ಮೀಟರಿನ ಟಿಕ್ಯೂ ಮೋಟರು ಹೊತ್ತು ಬಂದ ಟ್ರೆಕ್ ಫ್ಯೂಯಲ್ ಇಎಕ್ಸ್‌ಇ, 2023ರ ಬಾಷ್ ಎಸ್‌ಎಕ್ಸ್ ಮೋಟರು ಇದೇ ಜಾಡಿನವು. 2024ರಲ್ಲಿ ಡಿಜೆಐ ಕಂಪನಿಯ ಅವಿನಾಕ್ಸ್ ಮೋಟರು ಎರಡೂವರೆ ಕೆ.ಜಿ. ತೂಕದಲ್ಲೇ 105 ನ್ಯೂಟನ್ ಮೀಟರ್ ಬಲ ಕೊಟ್ಟಿತು. ಹಗುರವಾದರೆ ಬಲ ಕಡಿಮೆ ಎಂಬ ಲೆಕ್ಕ ಅಲ್ಲಿಗೆ ಸಡಿಲವಾಯಿತು. ಈಗ ಕಡಿಮೆ ಬಲದ ಯಂತ್ರವನ್ನು ಆರಿಸುವವರು ತಂತ್ರಜ್ಞಾನದ ಒತ್ತಾಯದಿಂದಲೇ ಆರಿಸಬೇಕಾಗಿಲ್ಲ. ಎಷ್ಟು ನೆರವು ಸಾಕು ಎಂದು ತಾವೇ ನಿರ್ಧರಿಸಬಹುದು.

ಸೈಕಲ್ ಹಗುರವಾದಷ್ಟೂ ಏರುವುದು ಬಹಳ ಸುಲಭ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 75 ಕೆ.ಜಿ.ಯ ಸವಾರ 18 ಕೆ.ಜಿ.ಯ ಸೈಕಲ್ಲಿನೊಂದಿಗೆ 1,000 ಮೀಟರ್ ಎತ್ತರ ಏರಲು ಗುರುತ್ವದ ವಿರುದ್ಧ ಸುಮಾರು 253 ವಾಟ್-ಅವರ್ ಕೆಲಸ ಬೇಕು. ಸೈಕಲ್ 23 ಕೆ.ಜಿ. ಇದ್ದರೆ 267. ವ್ಯತ್ಯಾಸ ನೂರಕ್ಕೆ ಐದರಷ್ಟು ಮಾತ್ರ, ಅದರಲ್ಲೂ ಒಂದು ಪಾಲನ್ನು ಮೋಟರು ಹೊರುತ್ತದೆ. ಹಾಗಾಗಿ ಏರುವಾಗ ಹಗುರತನದಿಂದ ಸಿಗುವ ಲಾಭ ಅಲ್ಪ. ಮೋಟರಿಗೆ ಕೆಲಸವೇ ಇಲ್ಲದ ಕಡೆ ಹಗುರತನದ ಬೆಲೆ ತಿಳಿಯುತ್ತದೆ: ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವಾಗ, ಕಿರಿದಾದ ತಿರುವಿನಲ್ಲಿ ಮೈ ಬಾಗಿಸುವಾಗ, ಬಿದ್ದ ಮರದ ಮೇಲೆ ಸೈಕಲ್ಲನ್ನು ಎತ್ತಿ ದಾಟಿಸುವಾಗ, ಬ್ಯಾಟರಿ ಬರಿದಾಗಿ ಮನೆ ದೂರವಿರುವಾಗ. ಯಂತ್ರ ಸುಮ್ಮನಾದ ಮೇಲೆ ಎಲ್ಲವೂ ಸವಾರರ ಮೈಗೆ ಬರುತ್ತದೆ. ಆಗ ಐದು ಕೆ.ಜಿ. ದೊಡ್ಡದು.

ನೆರವು ಮೋಸವೆಂಬ ಆಕ್ಷೇಪ ಮೋಟರಿಗಿಂತ ಹಳೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೇರ್ ಬದಲಿಸುವ ವ್ಯವಸ್ಥೆಗೇ ಈ ಆರೋಪವಿತ್ತು. ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯವನ್ನು ಸ್ಥಾಪಿಸಿದ ಆನ್ರಿ ದೆಗ್ರಾಂಜ್, ಗೇರ್ ನಲವತ್ತೈದು ದಾಟಿದವರಿಗೆ ಸಾಕು ಎಂದು ಬರೆದರು. ಗೆಲುವು ಸ್ನಾಯುಬಲದಿಂದ ಬರಬೇಕೆಂಬುದು ಅವರ ನಿಲುವು. ವೆಲೊಸಿಯೊ ಎಂದು ಹೆಸರಾದ ಪಾಲ್ ದ ವಿವಿ ಗೇರಿನ ಪರ ವಾದಿಸಿದರು. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲಿಯರ್ ಗೇರಿಗೆ ಟೂರ್‌ನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಇಂದು ಗೇರ್ ಬಳಸಿ ಬೆಟ್ಟ ಹತ್ತಿದವರ ಏರಿಕೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೂ ಗೇರನ್ನೂ ಮೋಟರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಗೇರ್ ಸವಾರರ ಶಕ್ತಿಯನ್ನು ಬೇರೆ ರೂಪಕ್ಕೆ ತಿರುಗಿಸುತ್ತದೆ, ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಮೋಟರು ಹೊರಗಿನ ಶಕ್ತಿಯನ್ನು ತರುತ್ತದೆ. ಆಕ್ಷೇಪದ ಬಲವಿರುವುದು ಇಲ್ಲಿ, ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ.

ಸ್ಪರ್ಧೆಯ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. 2016ರಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ನಡೆದ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಸೈಕಲ್ಲಿನೊಳಗೆ ಅಡಗಿಸಿದ ಮೋಟರು ಪತ್ತೆಯಾಗಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧಿಯೊಬ್ಬರಿಗೆ ಆರು ವರ್ಷ ನಿಷೇಧ ಹೇರಿತು. ಮೂರೇ ವರ್ಷದಲ್ಲಿ, 2019ರಲ್ಲಿ, ಅದೇ ಒಕ್ಕೂಟ ಕೆನಡಾದ ಮಾಂಟ್ ಸೇಂಟ್ ಆನ್‌ನಲ್ಲಿ ಇ-ಮೌಂಟನ್ ಬೈಕ್‌ಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿ ವಿಜೇತರಿಗೆ ಪದಕ ತೊಡಿಸಿತು. ಒಂದೆಡೆ ದೋಷವಾದ ಮೋಟರು ಇನ್ನೊಂದೆಡೆ ಆಟದ ಅಂಗ. ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರ ‘ದ ಗ್ರಾಸ್‌ಹಾಪರ್’ ಗ್ರಂಥದಲ್ಲಿ ಇದರ ಕಾರಣವನ್ನು ಬಿಡಿಸಿದ್ದಾರೆ: ಗುರಿ ಮುಟ್ಟಲು ಸುಲಭದ ದಾರಿಯಿದ್ದರೂ ಬಿಟ್ಟು, ಬೇಕೆಂದೇ ಅಡ್ಡಿಗಳನ್ನು ಒಪ್ಪಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟ. ತುದಿ ತಲುಪುವುದಷ್ಟೇ ಬೇಕಿದ್ದರೆ ಜೀಪು ಸಾಕು. ಸೈಕಲ್ ಹಿಡಿದವರು ಒಂದಷ್ಟು ಕಷ್ಟವನ್ನು ತಾವಾಗಿ ಆರಿಸಿಕೊಂಡಿದ್ದಾರೆ; ಮೋಟರಿನ ಸೈಕಲ್ ಹಿಡಿದವರು ಅದಕ್ಕಿಂತ ಕಡಿಮೆ ಕಷ್ಟವನ್ನು, ಆದರೂ ಕಷ್ಟವನ್ನೇ ಆರಿಸಿಕೊಂಡಿದ್ದಾರೆ. ಒಪ್ಪಿಕೊಂಡ ನಿಯಮವನ್ನು ಮರೆಮಾಚಿ ಮುರಿದಾಗ ಮೋಸವಾಗುತ್ತದೆ.

ಆದರೆ ಬೆಟ್ಟದ ಒಂಟಿದಾರಿಯಲ್ಲಿ ತೀರ್ಪುಗಾರರಿಲ್ಲ, ಪದಕವಿಲ್ಲ. ಅಲ್ಲಿ ಉಳಿಯುವುದು ಕರ್ತೃವಿನ ಪ್ರಶ್ನೆ. ಪಾಣಿನಿಯ ವ್ಯಾಕರಣದಲ್ಲಿ ಕ್ರಿಯೆಯೊಂದರಲ್ಲಿ ಸ್ವತಂತ್ರನಾದವನು ಕರ್ತೃ. ಕ್ರಿಯೆ ಕೈಗೂಡಲು ಎಲ್ಲಕ್ಕಿಂತ ಹೆಚ್ಚು ಸಹಾಯಕವಾದದ್ದು ಕರಣ. ಕೊಡಲಿಯ ಅಲಗು ಎಷ್ಟೇ ಹರಿತವಾಗಿದ್ದರೂ ಮರ ಕಡಿದವನು ಕಡಿದವನೇ. ಈ ಅಳತೆಯಲ್ಲಿ ಮೋಟರು ಏರಿಕೆಯ ಮುಕ್ಕಾಲು ಪಾಲು ಶಕ್ತಿ ಕೊಟ್ಟರೂ ಕರಣವೇ, ಏಕೆಂದರೆ ಹೊರಡಬೇಕೆ, ನಿಲ್ಲಬೇಕೆ, ಯಾವ ಕಲ್ಲಿನ ಎಡಕ್ಕೆ ಹಾಯಬೇಕು ಎಂಬ ಸ್ವಾತಂತ್ರ್ಯ ಅದಕ್ಕಿಲ್ಲ. ಕರ್ತೃತ್ವವನ್ನು ವಾಟ್‌ನಲ್ಲಿ ಅಳೆಯುವುದು ವರ್ಗ ತಪ್ಪಿದ ಅಳತೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇನ್ನೂ ಆಳಕ್ಕೆ ಹೋಗುತ್ತದೆ. ಯಾವ ಕರ್ಮಕ್ಕೂ ಐದು ಕಾರಣಗಳು: ಅಧಿಷ್ಠಾನವಾದ ದೇಹ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿದ್ದೂ ತಾನೊಬ್ಬನೇ ಕರ್ತೃವೆಂದು ಬಗೆಯುವವನಿಗೆ ಸರಿಯಾದ ನೋಟವಿಲ್ಲ ಎನ್ನುತ್ತದೆ ಗೀತೆ. ಮೋಟರಿಲ್ಲದ ಸೈಕಲ್ಲಿನಲ್ಲಿ ಏರಿದವರಿಗೂ ಈ ಮಾತು ಸಲ್ಲುತ್ತದೆ. ತಾವು ಮಾಡದ ಶ್ವಾಸಕೋಶ, ತಾವು ಕಡಿಯದ ದಾರಿ, ಬೇರೆಯವರು ಬೆಸೆದ ಚೌಕಟ್ಟು, ಅಂದು ಸುರಿಯದೆ ಹೋದ ಮಳೆ ಎಲ್ಲವೂ ಆ ಏರಿಕೆಯಲ್ಲಿ ಪಾಲುದಾರರು. ಅಪ್ಪಟ ಸ್ವಂತ ಬಲ ಎಂಬುದು ಎಲ್ಲಿಯೂ ಇರಲಿಲ್ಲ. ಮೋಟರು ಆ ಸಂಗತಿಯನ್ನು ಸದ್ದು ಮಾಡಿ ತಿಳಿಸುತ್ತದೆ, ಅಷ್ಟೆ.

ದೈವ ಯಾವುದೆಂಬಲ್ಲಿ ಆಚಾರ್ಯರು ಬೇರೆಯಾಗುತ್ತಾರೆ. ಶಂಕರರಿಗೆ ಅದು ಕಣ್ಣು ಮುಂತಾದ ಇಂದ್ರಿಯಗಳನ್ನು ಅನುಗ್ರಹಿಸುವ ಆದಿತ್ಯಾದಿ ದೇವತೆಗಳು; ಆತ್ಮ ನಿಜಕ್ಕೂ ಅಕರ್ತೃ. ರಾಮಾನುಜರಿಗೆ ಅದು ಅಂತರ್ಯಾಮಿಯಾದ ಪರಮಾತ್ಮ. ಮಧ್ವಮತದಲ್ಲಿ ಜೀವನ ಕರ್ತೃತ್ವ ನಿಜ, ಆದರೆ ಹರಿಗೆ ಅಧೀನ. ಈ ಭೇದಗಳ ನಡುವೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಒಂದು ಸೂಕ್ಷ್ಮವಾದ ವಿಚಾರವಿದೆ. ಎಲ್ಲವನ್ನೂ ಈಶ್ವರನೇ ಮಾಡಿಸುವುದಾದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇನು? ಈಶ್ವರ ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಪ್ರವರ್ತಿಸುತ್ತಾನೆ ಎಂಬುದು ಸೂತ್ರದ ಉತ್ತರ. ರಾಮಾನುಜರ ವಿವರಣೆಯಲ್ಲಿ ಮೊದಲ ಯತ್ನ ಜೀವನದು. ಆ ಯತ್ನವನ್ನು ನೋಡಿ ಅಂತರ್ಯಾಮಿ ಅನುಮತಿ ಕೊಟ್ಟು ಮುನ್ನಡೆಸುತ್ತಾನೆ. ನೆರವು ಯತ್ನವನ್ನು ಕಾಯುತ್ತದೆ, ಯತ್ನವನ್ನು ಅಳಿಸುವುದಿಲ್ಲ. ಟಾರ್ಕ್ ಸೆನ್ಸರಿನ ಸೈಕಲ್ಲಿಗೆ ಇದಕ್ಕಿಂತ ಹತ್ತಿರದ ವಿವರಣೆ ಯಾವ ಕೈಪಿಡಿಯಲ್ಲೂ ಸಿಗದು.

ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಪರಂಪರೆ ಮುಂದೆ ಇದೇ ವಿಷಯದಲ್ಲಿ ಕವಲೊಡೆಯಿತು. ವೇದಾಂತ ದೇಶಿಕರನ್ನು ಅನುಸರಿಸುವ ವಡಗಲೆಯವರು ಮರ್ಕಟಕಿಶೋರ ನ್ಯಾಯವನ್ನು ಹೇಳಿದರು: ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು. ಪಿಳ್ಳೈ ಲೋಕಾಚಾರ್ಯರನ್ನು ಅನುಸರಿಸುವ ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯ: ಬೆಕ್ಕಿನ ಮರಿ ಏನನ್ನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿ ಒಯ್ಯುತ್ತದೆ. ತುಳಿದರೆ ಮಾತ್ರ ನೆರವಾಗುವ ಸೈಕಲ್ ಮೊದಲ ಬಗೆಯದು, ತುಳಿಯದೆಯೂ ಹಿಡಿಕೆ ತಿರುವಿದರೆ ಓಡುವ ಥ್ರಾಟಲ್ ವಾಹನ ಎರಡನೆಯದು. ಮೋಕ್ಷದ ವಿಷಯದಲ್ಲಿ ತೆಂಗಲೆಯವರ ಮಾತಿಗೆ ದೊಡ್ಡ ಘನತೆಯಿದೆ. ಕೃಪೆಯನ್ನು ಪ್ರಯತ್ನದಿಂದ ಕೊಳ್ಳಲಾಗದು ಎಂಬುದು ಆಳವಾದ ವಿನಯ. ಆದರೆ ಮೋಕ್ಷ ಸೂಟ್ಸ್ ಹೇಳಿದ ಅರ್ಥದ ಆಟವಲ್ಲ, ಬೆಟ್ಟದ ಸವಾರಿ ಆಟ. ಆಟದಲ್ಲಿ ಪ್ರಯತ್ನವೇ ಹೋದರೆ ಬೇಕೆಂದು ಬಂದದ್ದನ್ನೇ ಕೈಬಿಟ್ಟಂತೆ. ಆದ್ದರಿಂದ ಇಲ್ಲಿ ಕೋತಿಮರಿಯ ದಾರಿಯೇ ಸರಿ. ಅದರಲ್ಲೂ ಹಿಡಿತ ಸಡಿಲಿಸಲು ಬಿಡದ, ನೆರವು ಕಡಿಮೆಯಿರುವ ಹಗುರ ಯಂತ್ರ ಆ ದಾರಿಗೆ ಹೆಚ್ಚು ನಿಷ್ಠ.

ಇಷ್ಟರಿಂದ ಕಷ್ಟ ಹೆಚ್ಚಿದಷ್ಟೂ ಪುಣ್ಯ ಹೆಚ್ಚು ಎಂಬ ತೀರ್ಮಾನಕ್ಕೆ ಬರಬಾರದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೂ ಕುಂಕುಮ ಹಚ್ಚುತ್ತ ಹರಕೆ ತೀರಿಸುವವರಿದ್ದಾರೆ, ಬಸ್ಸಿನಲ್ಲಿ ಹೋಗಿ ಕೈ ಮುಗಿಯುವವರೂ ಇದ್ದಾರೆ. ದೇವಿಯ ದರ್ಶನದಲ್ಲಿ ಭೇದವಿಲ್ಲ. ಸ್ಪೇನಿನ ಸಾಂಟಿಯಾಗೊ ಯಾತ್ರೆಯ ಪ್ರಮಾಣಪತ್ರಕ್ಕೆ ನಡೆಯುವವರು ಕನಿಷ್ಠ 100 ಕಿ.ಮೀ., ಸೈಕಲ್ ಸವಾರರು 200 ಕಿ.ಮೀ. ಪೂರೈಸಬೇಕೆಂಬ ನಿಯಮ ಬೆಳೆದುಬಂದಿದೆ. ಸಾಧನ ಬದಲಾದಾಗ ಅಳತೆಯನ್ನು ಬದಲಿಸುವ ಜಾಣ್ಮೆ ಅದರಲ್ಲಿದೆ. ಗೀತೆಯ ಹದಿನೇಳನೆಯ ಅಧ್ಯಾಯವಂತೂ ಮಾನಸನ್ಮಾನಕ್ಕಾಗಿ ಮಾಡಿದ ತಪಸ್ಸನ್ನು ರಾಜಸವೆಂದೂ ಮೂಢ ಹಟದಿಂದ ತನ್ನನ್ನೇ ಪೀಡಿಸಿಕೊಳ್ಳುವ ತಪಸ್ಸನ್ನು ತಾಮಸವೆಂದೂ ವಿಂಗಡಿಸಿದೆ. ಮೋಟರಿಲ್ಲದವನ ಹೆಮ್ಮೆಯೂ ಮೋಟರಿದ್ದವನ ಆತುರವೂ ಈ ವಿಂಗಡಣೆಯ ಹೊರಗಿಲ್ಲ.

ಹಾಗಾದರೆ ಆಯ್ಕೆಗೆ ಆಧಾರವೇನು? ಅಧಿಕಾರಿಭೇದ ಎಂಬ ಹಳೆಯ ತತ್ತ್ವವೇ ಇಲ್ಲಿ ದಾರಿ ತೋರಿಸುತ್ತದೆ: ಸಾಧನೆ ಸಾಧಕರ ಯೋಗ್ಯತೆಗೆ, ಸ್ಥಿತಿಗೆ ತಕ್ಕುದಾಗಿರಬೇಕು. ಮಂಡಿ ನೋವಿನಿಂದ ಸೈಕಲ್ಲನ್ನೇ ಬಿಟ್ಟವರಿಗೆ, ಹೃದಯದ ಚಿಕಿತ್ಸೆಯಾಗಿ ವೈದ್ಯರ ಒಪ್ಪಿಗೆಯೊಂದಿಗೆ ಮರಳುವವರಿಗೆ, ತಮಗಿಂತ ಬಲಿಷ್ಠರೊಡನೆ ಸವಾರಿ ಹೋಗಬಯಸುವವರಿಗೆ 85 ನ್ಯೂಟನ್ ಮೀಟರಿನ ಭಾರದ ಯಂತ್ರವೇ ತಕ್ಕದ್ದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈಗಾಗಲೇ ತುಳಿಯುವ ಅಭ್ಯಾಸವಿದ್ದು, ಒಂದು ಏರಿನ ಬದಲು ಎರಡು ಏರು ಬೇಕೆನ್ನುವವರಿಗೆ ಹಗುರ ಮಾದರಿ. 320 ವಾಟ್-ಅವರ್ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಚಲನೆಗೆ ದಕ್ಕುತ್ತದೆ ಎಂದುಕೊಂಡರೆ, ಮೇಲೆ ಹೇಳಿದ ಸವಾರರನ್ನು ಅದು ತಾನೊಂದೇ 1,000 ಮೀಟರ್ ಏರಿಸಬಲ್ಲದು. ಅರ್ಧ ಭಾರವನ್ನು ಕಾಲು ಹೊತ್ತರೆ ಲೆಕ್ಕಕ್ಕೆ 2,000 ಮೀಟರ್. ದಾರಿಯ ಘರ್ಷಣೆ ಅದರಲ್ಲಿ ಒಂದು ಪಾಲನ್ನು ತಿನ್ನುತ್ತದೆ. ಹಲವು ಹಗುರ ಮಾದರಿಗಳಲ್ಲಿ ಬ್ಯಾಟರಿ ಚೌಕಟ್ಟಿನೊಳಗೆ ಹುದುಗಿರುವುದರಿಂದ ಮಹಡಿ ಮನೆಯವರು ಚಾರ್ಜಿಂಗ್ ಎಲ್ಲಿ ಎಂಬುದನ್ನು ಮೊದಲೇ ಯೋಚಿಸಬೇಕು. ಅಂಗಡಿಯಲ್ಲಿ ಮೋಟರನ್ನು ಆಫ್ ಮಾಡಿ ಒಂದು ಸುತ್ತು ತುಳಿದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ತೂಕದ ಅಂಕಿಯನ್ನು ಇಳಿಸಲೆಂದು ತೆಳು ಟೈರು, ಸಣ್ಣ ಬ್ರೇಕ್ ಡಿಸ್ಕ್ ಹಾಕಿದ ಮಾದರಿಯನ್ನು ಒಪ್ಪಬಾರದು. ಅಲ್ಲಿ ಉಳಿಸಿದ ಗ್ರಾಂಗಳು ಇಳಿಜಾರಿನಲ್ಲಿ ಎಲುಬಿನ ಮೇಲೆ ಬರುತ್ತವೆ.

ಸವಾರಿಯಲ್ಲಿ ಹಗುರ ಯಂತ್ರ ಬಯಸುವುದು ಸಮತ್ವವನ್ನು. ಸಣ್ಣ ಮೋಟರು ನಿಮಿಷಕ್ಕೆ 70ರಿಂದ 90 ಸುತ್ತು ತುಳಿಯುವ ಕಾಲಿಗೆ ಚೆನ್ನಾಗಿ ಒದಗುತ್ತದೆ. ಭಾರದ ಗೇರಿನಲ್ಲಿ ಜಗ್ಗಿ ತುಳಿದರೆ ಬಳಲುತ್ತದೆ. ಏರು ಶುರುವಾಗುವ ಮುನ್ನವೇ ಗೇರ್ ಇಳಿಸಿ, ಇಳಿಸುವಾಗ ಒತ್ತಡ ತಗ್ಗಿಸಬೇಕು, ಇಲ್ಲವಾದರೆ ಕಾಲಿನ ಬಲವೂ ಮೋಟರಿನ ಬಲವೂ ಸೇರಿ ಸರಪಳಿಯನ್ನು ಸವೆಸುತ್ತವೆ. ಕಡಿದಾದಲ್ಲಿ ಸೀಟಿನ ಮುಂತುದಿಗೆ ಸರಿದು ಎದೆ ಬಾಗಿಸಿದರೆ ಮುಂಗಾಲಿ ನೆಲ ಬಿಡುವುದಿಲ್ಲ. ಕಲ್ಲುಗಳ ನಡುವೆ ಪೂರ್ತಿ ಸುತ್ತಿನ ಬದಲು ಅರ್ಧರ್ಧ ಸುತ್ತು ತುಳಿದರೆ ಪೆಡಲು ಬಡಿಯದು. ಕಡಿಮೆ ನೆರವಿನ ಮಟ್ಟದಲ್ಲೇ ಹೊರಟು, ಹೆಚ್ಚಿನದನ್ನು ನಿಜವಾಗಿ ಬೇಕಾದ ಏರಿಗೆ ಉಳಿಸಿಕೊಳ್ಳುವುದು ಬರಿಯ ಮಿತವ್ಯಯವಲ್ಲ. ಗುಂಡಿ ಒತ್ತುವ ಮುನ್ನ ‘ಈಗ ಬೇಕೆ?’ ಎಂದು ಕೇಳಿಕೊಳ್ಳುವ ಆ ಕ್ಷಣದಲ್ಲಿ ಪಾಣಿನಿ ಹೇಳಿದ ಸ್ವಾತಂತ್ರ್ಯ ಕಣ್ಣಿಗೆ ಕಾಣುವಂತಿರುತ್ತದೆ.

ಕರ್ತೃತ್ವ ಸವಾರರದೇ ಎಂದು ಒಪ್ಪಿದ ಮೇಲೆ ಅದರ ಪರಿಣಾಮವೂ ಅವರದೇ. ಏರಿಕೆ ನನ್ನದು, ಹಾನಿ ಯಂತ್ರದ್ದು ಎನ್ನುವಂತಿಲ್ಲ. ಏರುದಾರಿಯಲ್ಲಿ ಸೈಕಲ್ ಇಷ್ಟು ವೇಗವಾಗಿ, ಹೆಚ್ಚು ಸದ್ದಿಲ್ಲದೆ ಬರುತ್ತದೆಂದು ಕಾಲ್ನಡಿಗೆಯವರು ಎಣಿಸಿರುವುದಿಲ್ಲ, ಹಾಗಾಗಿ ನಿಧಾನಿಸಿ ದಾರಿ ಬಿಡುವ ಹೊಣೆ ಸವಾರರ ಮೇಲಿದೆ. ಭಾರತದಲ್ಲಿ 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ದಾಟದ ವಿದ್ಯುತ್ ದ್ವಿಚಕ್ರಗಳಿಗೆ ನೋಂದಣಿ ಬೇಕಿಲ್ಲ. ಈ ವಿನಾಯಿತಿ ರಸ್ತೆಗೆ ಸಂಬಂಧಿಸಿದ್ದು, ಮೀಸಲು ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಆಯುಸ್ಸು ಮುಗಿದ ಲಿಥಿಯಂ ಬ್ಯಾಟರಿಯನ್ನು ಕಸದ ತೊಟ್ಟಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಹಿಂಪಡೆದು ಮರುಬಳಕೆಗೆ ಒಳಪಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅದನ್ನು ಸಂಗ್ರಹಣಾ ಕೇಂದ್ರಕ್ಕೆ ತಲುಪಿಸುವ ಕೆಲಸ ಬಳಸಿದವರದು.