ಪ್ರಾಯಶ್ಚಿತ್ತವೂ ಲೋಕವ್ಯವಹಾರವೂ

ತಪ್ಪು ಮಾಡಿದವರು ದಂಡವನ್ನು ಅನುಭವಿಸಿ ಮುಗಿಸಿದ ಮೇಲೆ ಲೋಕವು ಅವರೊಡನೆ ಹೇಗೆ ನಡೆದುಕೊಳ್ಳತಕ್ಕದ್ದೆಂಬ ಪ್ರಶ್ನೆಯು ಇಂದಿನದಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಇದನ್ನು ವಿಚಾರಿಸಿರುವನು. ಅವನ ಊರೆಂದು ಹೇಳಲ್ಪಡುವ ಮರತೂರು ಶಹಾಬಾದಿಗೆ ಸಮೀಪದಲ್ಲಿಯೇ ಇರುವುದು. ಪಾಪಕ್ಕೆ ಎರಡು ಶಕ್ತಿಗಳುಂಟು. ನರಕವನ್ನುಂಟುಮಾಡುವುದೊಂದು, ಜನರೊಡನೆ ವ್ಯವಹಾರವನ್ನು ತಡೆಯುವುದಿನ್ನೊಂದು. ಅರಿತು ಮಾಡಿದ ಪಾಪದಲ್ಲಿ ಮೊದಲನೆಯದು ಹೋಗದಿದ್ದರೂ ಪ್ರಾಯಶ್ಚಿತ್ತದಿಂದ ಎರಡನೆಯದು ಹೋಗುವುದೆಂದು ಅವನ ಮತವು.

ಇದಕ್ಕೆ ಈಚಿನ ನಿದರ್ಶನವೊಂದುಂಟು. ಮಂಗಳೂರಿನ ಓಟಗಾರ್ತಿ ಎಂ. ಆರ್. ಪೂವಮ್ಮನವರು 2014ರ ಏಷ್ಯನ್ ಕ್ರೀಡೆಗಳಲ್ಲಿ 400 ಮೀಟರ್ ಓಟದಲ್ಲಿ ಕಂಚನ್ನೂ, ನಾಲ್ವರ ರಿಲೇ ಓಟದಲ್ಲಿ ಬಂಗಾರವನ್ನೂ ಪಡೆದರು. 2015ರಲ್ಲಿ ಅರ್ಜುನ ಪ್ರಶಸ್ತಿಯೂ, 2018ರಲ್ಲಿ ಜಕಾರ್ತದಲ್ಲಿ ರಿಲೇಯ ಬಂಗಾರವು ಮತ್ತೊಮ್ಮೆಯೂ ದೊರೆತವು. 2021ರ ಫೆಬ್ರುವರಿಯಲ್ಲಿ ಪಟಿಯಾಲದಲ್ಲಿ ಕೊಟ್ಟ ಮಾದರಿಯಲ್ಲಿ ನಿಷಿದ್ಧವಾದ ಉತ್ತೇಜಕವೊಂದು ಕಂಡುಬಂದಿತು. ಮೊದಲು ಮೂರು ತಿಂಗಳೆಂದಿದ್ದ ನಿಷೇಧವನ್ನು ಮೇಲ್ಮನವಿಯ ಮಂಡಳಿಯು 2022ರಲ್ಲಿ ಎರಡು ವರ್ಷಗಳಿಗೆ ಏರಿಸಿತು. ಮೂವತ್ತೆರಡರ ವಯಸ್ಸಿನ ಓಟಗಾರ್ತಿಗೆ ಎರಡು ವರ್ಷವೆಂಬುದು ಅಲ್ಪಕಾಲವಲ್ಲ.

ದೇಹವನ್ನು ಸೇರಿದ ವಸ್ತುವಿಗೆ ದೇಹದ ಒಡೆಯರೇ ಹೊಣೆಯೆಂಬುದು ಕ್ರೀಡೆಯ ನಿಯಮವು. ಅರಿತೋ ಅರಿಯದೆಯೋ ಎಂಬುದು ದಂಡದ ಅವಧಿಯನ್ನು ಬದಲಿಸೀತೇ ಹೊರತು ದೋಷವನ್ನು ಇಲ್ಲವಾಗಿಸದು. ಇದು ಕಠೋರವೆಂದು ತೋರಬಹುದು. ಆದರೆ ಪಕ್ಕದಲ್ಲಿ ಓಡಿ ಸೋತವರ ನಷ್ಟವು ಗೆದ್ದವರ ಮನಸ್ಸು ಶುದ್ಧವಾಗಿದ್ದ ಮಾತ್ರಕ್ಕೆ ತುಂಬಿಬರುವುದೇ?

2024ರ ಮೇ ತಿಂಗಳಿನಲ್ಲಿ ಬಹಾಮಾಸ್ ದೇಶದ ನಸೌ ನಗರದಲ್ಲಿ ಪೂವಮ್ಮನವರಿದ್ದ ತಂಡವು 3 ನಿಮಿಷ 29.35 ಸೆಕೆಂಡುಗಳಲ್ಲಿ ಓಡಿ ಪ್ಯಾರಿಸ್ ಒಲಿಂಪಿಕ್ಸಿಗೆ ಅರ್ಹತೆಯನ್ನು ಗಳಿಸಿತು. ಪ್ಯಾರಿಸಿನಲ್ಲಿ ಅಂತಿಮ ಸುತ್ತು ದೊರೆಯಲಿಲ್ಲ. ಆದರೂ ಪದಕಕ್ಕಿಂತ ದೊಡ್ಡದೊಂದು ಅಲ್ಲಿ ನಡೆಯಿತು. ಒಬ್ಬಳ ಮಾದರಿಯಲ್ಲಿ ದೋಷವು ಕಂಡರೆ ನಾಲ್ವರ ಫಲವೂ ಹೋಗುವ ಓಟವದು. ಅಂತಹ ಓಟದಲ್ಲಿ ಜತೆಗಾತಿಯರು ಅವರ ಕೈಗೆ ಕೋಲನ್ನು ಕೊಟ್ಟರು, ಅವರ ಕೈಯಿಂದ ಪಡೆದರು. ವಿಜ್ಞಾನೇಶ್ವರನು ಹೇಳಿದ ಎರಡನೆಯ ಶಕ್ತಿಯು ನಾಶವಾಗುವುದೆಂದರೆ ಹೀಗೆಯೇ.

ಇದು ಮರೆವಲ್ಲ. ಪದಕಗಳಂತೆ ನಿಷೇಧವೂ ದಾಖಲೆಯಲ್ಲಿ ಉಳಿದಿರುವುದು. ಆದರೆ ದಂಡಕ್ಕೆ ಅವಧಿಯುಂಟು, ಜನರ ನಾಲಗೆಗೆ ಅವಧಿಯಿಲ್ಲ. ಸೆರೆವಾಸ ಮುಗಿಸಿ ಬಂದವನೊಬ್ಬನು ಶಹಾಬಾದಿನ ಕಲ್ಲುಗಣಿಯಲ್ಲಾಗಲಿ ಸೇಡಮಿನ ಅಂಗಡಿಯಲ್ಲಾಗಲಿ ಕೆಲಸವನ್ನು ಕೇಳಿ ನಿಂತಾಗ ಅವನ ಪ್ರಾಯಶ್ಚಿತ್ತವು ಮುಗಿದಿರುತ್ತದೆ. ಧರ್ಮದ ಪರೀಕ್ಷೆಯು ಆಗ ಒಳಗೆ ಕುಳಿತ ಯಜಮಾನನದು.